ಶಾಖದ ಏತ: ತಂಪಾಗದ ಎಸಿಯೊಂದರ ಹಿಂದಿನ ಚರಿತ್ರೆ

ಮೇ ತಿಂಗಳ ಎರಡನೇ ವಾರ, ರಾತ್ರಿ ಒಂಬತ್ತೂವರೆ. ಹೈದರಾಬಾದಿನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಎಸಿ ಸಂಜೆ ಆರರಿಂದ ಒಂದೇ ಸಮನೆ ಓಡುತ್ತಿತ್ತು. ರಿಮೋಟಿನ ಮೇಲೆ 24 ಎಂದಿತ್ತು. ಮೇಜಿನ ಮೇಲಿಟ್ಟ ಪುಟ್ಟ ಥರ್ಮಾಮೀಟರ್ 31 ತೋರಿಸುತ್ತಿತ್ತು. ಕಲಬುರಗಿಯಿಂದ ಬಂದಿದ್ದ ಅಮ್ಮ ಬಿಪಿ ಮಾತ್ರೆ ತಗೊಳ್ಳುವವರು. ಸೆಕೆಯಲ್ಲಿ ಬೆವತು ನೀರಿಳಿದರೆ ಅವರಿಗೆ ಎದ್ದು ನಿಲ್ಲಲಾಗುವುದಿಲ್ಲ. ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಅವರು ಎಸಿಯನ್ನೇ ನೋಡುತ್ತ ಕೂತಿದ್ದರು. "ಇದು ಹವಾ ಬಿಡ್ಲಿಕತ್ತದ, ಥಂಡಿ ಬಿಡವಲ್ದು" ಎಂದರು.

ಆ ಬೇಸಿಗೆಯಲ್ಲಿ ಅದಾಗಲೇ ಎರಡು ಸಲ ಮೆಕ್ಯಾನಿಕ್‌ನನ್ನು ಕರೆಸಿದ್ದೆ. ಎರಡು ಸಲವೂ ಬಂದವನು "ಗ್ಯಾಸ್ ಕಮ್ಮಿಯಾಗಿದೆ" ಎಂದು ತುಂಬಿಸಿ, ದುಡ್ಡು ಎಣಿಸಿಕೊಂಡು ಹೋಗಿದ್ದ. ಎರಡು ಸಲವೂ ಹಗಲಿಗೆ ಪರವಾಗಿಲ್ಲ ಅನ್ನಿಸಿ, ರಾತ್ರಿಗೆ ಮತ್ತೆ ಅದೇ ಕತೆ.

ವಿಚಿತ್ರವೆಂದರೆ, ಅದೇ ವಾರ ನಾನು ಒಂದು ಎಸಿಯ ಬಳಕೆದಾರರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗೂ ಮಾಡಬಲ್ಲ ಮಾದರಿ ಅದು. 'ಹೀಟ್ ಪಂಪ್' ಎಂಬ ಪದ ಪುಟಪುಟಕ್ಕೂ ಬರುತ್ತಿತ್ತು. 'ಹವಾನಿಯಂತ್ರಕ' ಎಂದು ಬರೆದರೆ ಅರ್ಥ ಹಾರಿಹೋಗುತ್ತದೆ. 'ಶಾಖ ಪಂಪ್' ಎಂದರೆ ಪೆಟ್ರೋಲ್ ಪಂಪಿನ ತಮ್ಮನಂತೆ ಕೇಳಿಸುತ್ತದೆ. ಯೋಚಿಸುತ್ತ ಕೂತಾಗ ಹೊಳೆದದ್ದು ಏತ. ಬಾವಿಯ ದಡದಲ್ಲಿ ಕಂಬ, ಅದರ ಮೇಲೆ ಅಡ್ಡಮರ, ಒಂದು ತುದಿಗೆ ನೀರೆತ್ತುವ ಬುಟ್ಟಿ, ಇನ್ನೊಂದು ತುದಿಗೆ ಭಾರ. ನೀರು ತಾನಾಗಿ ಕೆಳಗಿನಿಂದ ಮೇಲಕ್ಕೆ ಬರುವುದಿಲ್ಲ, ಎತ್ತಿ ಹಾಕಬೇಕು. ಶಾಖವೂ ಹಾಗೆಯೇ: ತಂಪು ಜಾಗದಿಂದ ಬಿಸಿ ಜಾಗಕ್ಕೆ ತಾನಾಗಿ ಹರಿಯುವುದಿಲ್ಲ. ಎಸಿ ಮಾಡುವುದು ಶಾಖದ ಏತದ ಕೆಲಸ. ಗ್ರಾಹಕರು ಈ ಪದ ಒಪ್ಪಲಿಲ್ಲ, ಅದು ಬೇರೆ ಮಾತು. ಆದರೆ ನಮ್ಮ ಕೋಣೆ ಯಾಕೆ ತಂಪಾಗುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಪದದಲ್ಲೇ ಇತ್ತು.

ಜಲಪಾತದಿಂದ ಏತಕ್ಕೆ

ಶಾಖವನ್ನು ನೀರಿಗೆ ಹೋಲಿಸಿದವರಲ್ಲಿ ನಾನು ಮೊದಲನೆಯವನಲ್ಲ. 1824ರಲ್ಲಿ ಫ್ರಾನ್ಸಿನ ಯುವ ಎಂಜಿನಿಯರ್ ಸಾದಿ ಕಾರ್ನೊ ಉಗಿಯಂತ್ರಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ನೀರು ಎತ್ತರದಿಂದ ಬೀಳುವಾಗ ಚಕ್ರ ತಿರುಗಿಸುವಂತೆ, ಶಾಖ ಬಿಸಿಯಿಂದ ತಂಪಿಗೆ 'ಬೀಳುವಾಗ' ಯಂತ್ರಕ್ಕೆ ಶಕ್ತಿ ಬರುತ್ತದೆ ಎಂಬುದು ಅವನ ಹೋಲಿಕೆ. ಇದನ್ನೇ ತಿರುಗಿಸಿದರೆ? ಶಕ್ತಿ ವ್ಯಯಿಸಿ ಶಾಖವನ್ನು ಮೇಲೆತ್ತಬಹುದಲ್ಲ?

1852ರಲ್ಲಿ ಗ್ಲಾಸ್ಗೋದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು, ಗಾಳಿಯ ಪ್ರವಾಹದಿಂದ ಕಟ್ಟಡಗಳನ್ನು ಬೆಚ್ಚಗೆ ಇಲ್ಲವೇ ತಂಪಾಗಿ ಇಡುವ ಮಿತವ್ಯಯದ ದಾರಿಯ ಕುರಿತು ಪ್ರಬಂಧ ಮಂಡಿಸಿದ. ಹೀಟ್ ಪಂಪಿನ ಕಲ್ಪನೆ ಅಲ್ಲಿ ಸ್ಪಷ್ಟವಾಗಿತ್ತು. ಅದಕ್ಕೂ ಸ್ವಲ್ಪ ಮುಂಚೆ ಸ್ಕಾಟ್ಲೆಂಡಿನ ಖಗೋಳಶಾಸ್ತ್ರಜ್ಞ ಚಾರ್ಲ್ಸ್ ಪಿಯಾಝಿ ಸ್ಮಿತ್ ಉಷ್ಣವಲಯದ ಮನೆಗಳ ಕೋಣೆ ತಂಪಾಗಿಸುವ ಉಪಾಯ ಬರೆದಿದ್ದ: ಗಾಳಿಯನ್ನು ಒತ್ತಿ ಬಿಸಿ ಮಾಡು, ಆ ಬಿಸಿಯನ್ನು ನೀರಿಗೆ ಬಿಡು, ಮತ್ತೆ ಹಿಗ್ಗಲು ಬಿಟ್ಟರೆ ಗಾಳಿ ತಣ್ಣಗಾಗುತ್ತದೆ. ಇಂದಿನ ಎಸಿಯಲ್ಲಿ ಗಾಳಿಯ ಬದಲು ಆವಿಯಾಗಿ, ದ್ರವವಾಗಿ ಸುತ್ತುವ ವಸ್ತುವಿದೆ, ಮೂಲತತ್ವ ಅದೇ.

ಏತದ ಲೆಕ್ಕ ಎಸಿಗೂ ಹೊಂದುತ್ತದೆ. ಬಾವಿ ಆಳವಾದಷ್ಟೂ ಒಂದು ಬುಟ್ಟಿ ನೀರಿಗೆ ಬೀಳುವ ಶ್ರಮ ಹೆಚ್ಚು. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಕಪಿಲೆ ಹೊಡೆಯುವ ಎತ್ತುಗಳು ಅದೇ ನೀರಿಗೆ ಇನ್ನಷ್ಟು ದೂರ ನಡೆಯಬೇಕು. ಎಸಿಯ ಪಾಲಿಗೆ ಕೋಣೆ ಬಾವಿಯ ತಳ, ಹೊರಗಿನ ಗಾಳಿ ದಡ. ಹೊರಗಿನ ಯೂನಿಟ್ಟಿನ ತಾಮ್ರದ ಸುರುಳಿ ಸುತ್ತಲ ಗಾಳಿಗಿಂತ ಹತ್ತು-ಹದಿನೈದು ಡಿಗ್ರಿ ಬಿಸಿ ಇದ್ದರೆ ಮಾತ್ರ ಶಾಖ ಅದರಿಂದ ಕಳಚಿಕೊಳ್ಳುತ್ತದೆ. ಹೊರಗೆ 35 ಇದ್ದರೆ ಸುರುಳಿ 50ರ ಹತ್ತಿರ, ಹೊರಗೆ 43 ಇದ್ದರೆ 60ರ ಹತ್ತಿರ. ನಮಗೆ ತಂಪು ಹೆಚ್ಚು ಬೇಕಾದ ದಿನವೇ ದಡವೂ ಎತ್ತರವಾಗಿರುತ್ತದೆ.

ಭಾರತದಲ್ಲಿ ಎಸಿಯ ಡಬ್ಬಿಯ ಮೇಲೆ ಬರೆಯುವ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35, ಒಳಗೆ 27 ಡಿಗ್ರಿ ಇಟ್ಟು. ಹೈದರಾಬಾದಿನ ಮೇ ಮಧ್ಯಾಹ್ನ 40 ದಾಟುವುದು ಮಾಮೂಲಿ. ಕಲಬುರಗಿ, ರಾಯಚೂರಿನಲ್ಲಿ ಕೇಳಲೇಬೇಡಿ. ಅಂದರೆ ಒಂದೂವರೆ ಟನ್ ಎಂದು ಕೊಂಡದ್ದು ಆ ಹೊತ್ತಿಗೆ ಒಂದೂವರೆ ಟನ್ ಆಗಿ ಉಳಿದಿರುವುದಿಲ್ಲ.

ಟನ್ ಯಾವುದರ ತೂಕ?

ಈ 'ಟನ್' ಎಸಿಯ ತೂಕವಲ್ಲ, ಮಂಜುಗಡ್ಡೆಯ ತೂಕ. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ತೆಗೆಯಬಲ್ಲ ಯಂತ್ರ ಒಂದು ಟನ್ನಿನದು. ಕಿಲೋವಾಟ್ ಲೆಕ್ಕದಲ್ಲಿ 3.5.

ಯಂತ್ರಗಳಿಗೆ ಮುಂಚೆ ತಂಪನ್ನು ನಿಜಕ್ಕೂ ಟನ್ ಲೆಕ್ಕದಲ್ಲೇ ತರಿಸುತ್ತಿದ್ದರು. 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಕಳಿಸಿದ 'ಟಸ್ಕನಿ' ಎಂಬ ಹಡಗು ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ಹೊರಟು, ನಾಲ್ಕು ತಿಂಗಳ ಪಯಣದ ಬಳಿಕ ಕಲ್ಕತ್ತೆಗೆ ಬಂತು. ದಾರಿಯಲ್ಲಿ ಕರಗಿ ಉಳಿದದ್ದು ನೂರು ಟನ್ನಿನ ಆಸುಪಾಸು. ಮದ್ರಾಸಿನ ಕಡಲತೀರದಲ್ಲಿ 1842ರಲ್ಲಿ ಮಂಜುಗಡ್ಡೆ ಇಡಲೆಂದೇ ಕಟ್ಟಿದ ಐಸ್ ಹೌಸ್ ಈಗ ವಿವೇಕಾನಂದರ್ ಇಲ್ಲಂ ಎಂದು ಹೆಸರಾಗಿದೆ. ಟ್ಯೂಡರನ ಆ ನೂರು ಟನ್ನನ್ನು ನಮ್ಮ ಮಲಗುವ ಕೋಣೆಯ ಒಂದೂವರೆ ಟನ್ ಎಸಿಗೆ ಹೋಲಿಸಿ ಲೆಕ್ಕ ಹಾಕಿದೆ. ಹಗಲೂ ರಾತ್ರಿ ಓಡಿಸಿದರೆ ಎರಡು ತಿಂಗಳಿಗೆ ಸ್ವಲ್ಪ ಮೇಲ್ಪಟ್ಟು ಸಾಲುತ್ತಿತ್ತು. ಒಂದು ಹಡಗಿನ ಸರಕು, ಒಂದು ಕೋಣೆಯ ಒಂದು ಬೇಸಿಗೆ.

ಸಮುದ್ರವೂ ಹಡಗೂ ಇಲ್ಲದ ಒಳನಾಡಿನವರಿಗೆ ಬೇರೆ ದಾರಿಗಳಿದ್ದವು. ಅಬುಲ್ ಫಜಲ್ 'ಆಯಿನ್-ಇ-ಅಕ್ಬರಿ'ಯಲ್ಲಿ ಬರೆದಂತೆ, ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಪಾತ್ರೆ ಆಡಿಸಿ ಕುಡಿಯುವ ನೀರು ತಣಿಸುತ್ತಿದ್ದರು. ಬಿದಿರ ಚೌಕಟ್ಟಿಗೆ ಲಾವಂಚದ ಬೇರು ತುಂಬಿ, ನೀರು ಚಿಮುಕಿಸಿ ಬಾಗಿಲಿಗೆ ಕಟ್ಟುತ್ತಿದ್ದರು. ಇದೇ ಖಸ್ ತಟ್ಟಿ. ಈ 'ತಟ್ಟಿ' ನಮ್ಮಲ್ಲೂ ಇದೆ. ಬಿದಿರು, ಗರಿಗಳಿಂದ ಹೆಣೆದ ಮರೆಗೆ ಕನ್ನಡದಲ್ಲೂ ಅದೇ ಹೆಸರು. ಲಾವಂಚಕ್ಕೆ ಇಂಗ್ಲಿಷಿನವರು ಹೇಳುವ 'ವೆಟಿವರ್' ತಮಿಳಿನ 'ವೆಟ್ಟಿವೇರ್'ನಿಂದ ಹೋದದ್ದು. ಬೇಸಿಗೆ ಎಷ್ಟು ಭಾಷೆಗಳ ನಡುವೆ ಓಡಾಡಿದೆ ನೋಡಿ.

ತಟ್ಟಿಯ ಯಂತ್ರರೂಪವೇ ಇಂದಿನ ಏರ್ ಕೂಲರ್. ಗಾಳಿಯ ಶಾಖವನ್ನು ನೀರು ಆವಿಯಾಗುತ್ತ ಹೊತ್ತೊಯ್ಯುತ್ತದೆ. ಹೈದರಾಬಾದಿನಲ್ಲಿ ಮೇ ಮಧ್ಯಾಹ್ನ 42 ಡಿಗ್ರಿ, ತೇವಾಂಶ ಶೇ 20 ಎಂದಿಟ್ಟುಕೊಳ್ಳಿ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಆಗ 24ರ ಹತ್ತಿರ ನಿಲ್ಲುತ್ತದೆ. ಒಳ್ಳೆಯ ಕೂಲರ್ 28ರ ಆಸುಪಾಸಿನ ಗಾಳಿ ಕೊಡಬಲ್ಲದು, ಅದೂ ಒಂದು ದೊಡ್ಡ ಫ್ಯಾನಿನಷ್ಟೇ ಕರೆಂಟಿಗೆ. ಆದರೆ ಜೂನ್ ದಾಟಿ ಮಳೆಗಾಲದ ತೇವ ಬಂದಾಗ, 32 ಡಿಗ್ರಿ, ಶೇ 75 ತೇವಾಂಶದಲ್ಲಿ ಅದೇ ಒದ್ದೆ ಥರ್ಮಾಮೀಟರ್ 28ಕ್ಕೆ ನಿಂತುಬಿಡುತ್ತದೆ. ಕೂಲರ್ ಬರೀ ಜಿಗುಟು ಹೆಚ್ಚಿಸುತ್ತದೆ. ಕೂಲರ್ ಸೋಲುವುದು ತೇವಕ್ಕೆ, ಎಸಿ ಏದುಸಿರು ಬಿಡುವುದು ಹೊರಗಿನ ಬಿಸಿಗೆ. ನಮ್ಮ ಮನೆಯಲ್ಲಿ ಎರಡೂ ಇದ್ದವು. ಯಾವುದನ್ನು ಯಾವಾಗ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಎರಡು ಥರ್ಮಾಮೀಟರ್, ಒಂದು ಅಂಗೈ

ಮೂರನೇ ಸಲ ಬೇರೆ ಮೆಕ್ಯಾನಿಕ್‌ನನ್ನು ಕರೆಸಿದೆ. ಅರವತ್ತು ದಾಟಿದ, ದಖ್ಖನಿ ಮಾತಾಡುವ ಹಳೇ ಊರಿನವರು. ಅವರ ತಂದೆ ಸನತ್‌ನಗರದ ಹೈದರಾಬಾದ್ ಆಲ್ವಿನ್ ಕಾರ್ಖಾನೆಯಲ್ಲಿ ಫ್ರಿಜ್ ಜೋಡಿಸುತ್ತಿದ್ದರಂತೆ. ನಿಜಾಮರ ಕಾಲದಲ್ಲಿ, 1942ರಲ್ಲಿ ಶುರುವಾದ ಆ ಕಾರ್ಖಾನೆ ಬಸ್ಸುಗಳ ಬಾಡಿ, ಕಬ್ಬಿಣದ ಬೀರು, ಫ್ರಿಜ್, ಆಮೇಲೆ ಕೈಗಡಿಯಾರ ಎಲ್ಲ ಮಾಡಿತು. ತೊಂಬತ್ತರ ದಶಕದಲ್ಲಿ ಅದರ ಫ್ರಿಜ್ ವಿಭಾಗ ವೋಲ್ಟಾಸ್ ಪಾಲಾಯಿತು. ನಮ್ಮ ಅಜ್ಜಿಮನೆಯ ಫ್ರಿಜ್ಜೂ ಆಲ್ವಿನ್‌ದೇ.

ಅವರು ಗ್ಯಾಸಿನ ಸಿಲಿಂಡರ್ ಒಳಗೇ ತರಲಿಲ್ಲ. ಮೊದಲು ಎಸಿಯ ಜಾಳಿಗೆಗಳನ್ನು ತೆಗೆದು ಬೆಳಕಿಗೆ ಹಿಡಿದರು, ಅವು ಸ್ವಚ್ಛವಾಗಿದ್ದವು. ಜಾಳಿಗೆ ಕಟ್ಟಿಕೊಂಡರೆ ಒಳಸುರುಳಿಗೆ ಗಾಳಿ ಸಾಲದೆ ಅದರ ಮೇಲೆ ಮಂಜು ಕಟ್ಟುತ್ತದೆ, ಮಂಜು ಕಟ್ಟಿದ ಎಸಿಯಿಂದ ತಂಪು ಬರುವುದಿಲ್ಲ. ಆಮೇಲೆ ಎಸಿಯನ್ನು ಜೋರಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಗಾಳಿ ಒಳಗೆ ಹೋಗುವ ಕಡೆ ಒಂದು ಥರ್ಮಾಮೀಟರ್, ಹೊರಬರುವ ಕಡೆ ಇನ್ನೊಂದು ಇಟ್ಟರು. ಎರಡರ ನಡುವೆ ಎಂಟರಿಂದ ಹನ್ನೆರಡು ಡಿಗ್ರಿ ಅಂತರವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ, ದೋಷ ಕೋಣೆಯದು: ಚಾವಣಿ ಕಾದಿದೆ, ಕಿಟಕಿಯ ಸಂದು ತೆರೆದಿದೆ, ಇಲ್ಲವೇ ಕೋಣೆಗೆ ಎಸಿ ಚಿಕ್ಕದು. ಅಂತರ ಕಡಿಮೆ ಇದ್ದರೆ ದೋಷ ಯಂತ್ರದ್ದು. ನಮ್ಮದು ಹಗಲಿಗೆ ಒಂಬತ್ತು ಬಂತು. "ಹಗಲು ಚಲೋ ಇದೆ. ರಾತ್ರಿ ನೋಡಬೇಕು" ಎಂದು ಹೋದವರು ಹೇಳಿದಂತೆ ರಾತ್ರಿ ಬಂದರು. ಅಂತರ ನಾಲ್ಕಕ್ಕೆ ಇಳಿದಿತ್ತು.

ಗ್ಯಾಸಿನ ಮಾತು ತೆಗೆದೆ. ಅವರು ನಕ್ಕರು. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಲ್ಲ, ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಹತ್ತಾರು ವರ್ಷ ಅದೇ ಗ್ಯಾಸ್ ಸುತ್ತಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರುವ ಕಡೆ ಹುಡುಕಿ ಬೆಸೆಯದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಈ ಗ್ಯಾಸಿನದೂ ಒಂದು ಚರಿತ್ರೆ. 18ನೇ ಶತಮಾನದ ನಡುವಿನಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕಲೆನ್ ನಿರ್ವಾತದಲ್ಲಿ ಈಥರ್ ಆವಿಯಾಗಿಸಿ ತಂಪು ಹುಟ್ಟಿಸಿ ತೋರಿಸಿದ. 1834ರಲ್ಲಿ ಜೇಕಬ್ ಪರ್ಕಿನ್ಸ್ ಲಂಡನ್ನಿನಲ್ಲಿ ಈಥರನ್ನು ಸುತ್ತಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆಮೇಲೆ ಬಂದ ಅಮೋನಿಯ, ಗಂಧಕದ ಡೈಆಕ್ಸೈಡ್‌ಗಳು ತಂಪು ಕೊಟ್ಟವು, ಆದರೆ ಸೋರಿದರೆ ವಿಷ. 1928ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಮತ್ತವನ ಸಂಗಡಿಗರು ವಿಷವಲ್ಲದ, ಉರಿಯದ ಫ್ರಿಯಾನ್ ರೂಪಿಸಿದರು. ಮನೆಮನೆಗೆ ಫ್ರಿಜ್ ಬರಲು ಅದು ದಾರಿಯಾಯಿತು. ಅದು ಓಝೋನ್ ಪದರವನ್ನು ತಿನ್ನುತ್ತದೆಂದು 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಎಚ್ಚರಿಸಿದರು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಹಳೆಯ ಎಸಿಗಳ ಆರ್-22 ಕೂಡ ಆ ಒಪ್ಪಂದದಡಿ ಮರೆಯಾಗುತ್ತಿದೆ. ಈಗ ಹೆಚ್ಚಿನ ಹೊಸ ಎಸಿಗಳಲ್ಲಿರುವ ಆರ್-32 ಓಝೋನಿಗೆ ಅಪಾಯ ಮಾಡದು. ಆದರೆ ಗಾಳಿಗೆ ಸೇರಿದರೆ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ, ನೂರು ವರ್ಷದ ಲೆಕ್ಕದಲ್ಲಿ, 675 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಸೋರುವ ಎಸಿಗೆ ಸುಮ್ಮನೆ ಗ್ಯಾಸ್ ತುಂಬಿಸುವುದು ನನ್ನ ಜೇಬಿಗಷ್ಟೇ ನಷ್ಟವಲ್ಲ. ನಮ್ಮ ಎಸಿ ಸೋರುತ್ತಿರಲಿಲ್ಲ. ಹಿಂದಿನ ಎರಡು ಸಲ ತುಂಬಿಸಿದ್ದಾದರೂ ಏನು ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಹೆಚ್ಚಾಗಿದ್ದಷ್ಟನ್ನು ಸಿಲಿಂಡರಿಗೆ ಹಿಂದಕ್ಕೆಳೆದು, ತೂಕ ಮಾಡಿ ಸರಿಯಾದ ಅಳತೆಗೆ ತಂದರು.

ಆಮೇಲೆ ಅಡುಗೆಮನೆಯ ಪಕ್ಕದ ಡಕ್ಟಿನ ಕಿಟಕಿ ತೆರೆದು, ಹೊರಗಿನ ಯೂನಿಟ್ಟಿನ ಹಿಂಬದಿಗೆ ಅಂಗೈ ಒಡ್ಡಿದರು. ಯಂತ್ರ ಗಾಳಿ ಎಳೆದುಕೊಳ್ಳುವ ಕಡೆ ಅದು. ನನ್ನ ಕೈಯನ್ನೂ ಅಲ್ಲಿಡಿಸಿದರು. ದೋಸೆ ಕಾವಲಿಯ ಮೇಲೆ ಹಿಡಿದಂತಿತ್ತು. ಥರ್ಮಾಮೀಟರ್ ಇಟ್ಟರೆ 51. ಆ ಹೊತ್ತಿಗೆ ಬೀದಿಯಲ್ಲಿ ಇದ್ದದ್ದು 35.

ನಮ್ಮ ಕಟ್ಟಡದ ಆ ಕಿರಿದಾದ ಡಕ್ಟಿನಲ್ಲಿ ಒಂದರ ಮೇಲೊಂದು ಆರು ಯೂನಿಟ್ಟುಗಳಿವೆ. ಪಾರಿವಾಳ ಬಾರದಂತೆ ಕಟ್ಟಿದ ಬಲೆ ಧೂಳು, ಗರಿ ತುಂಬಿ ಕಂಬಳಿಯಂತಾಗಿದೆ. ಹಗಲು ನಮ್ಮದೊಂದೇ ಓಡುತ್ತದೆ, ರಾತ್ರಿ ಆರೂ ಓಡುತ್ತವೆ. ಕೆಳಗಿನವರು ಎತ್ತಿ ಹಾಕಿದ ಬಿಸಿಯನ್ನು ಮೇಲಿನವರ ಯಂತ್ರ ಉಸಿರಾಡುತ್ತದೆ. ಊರಿಗೆಲ್ಲ 35 ಇದ್ದಾಗ ನಮ್ಮ ಎಸಿಯ ಪಾಲಿಗೆ ಹೊರಗೆ 51. ಏತ ಸರಿಯಾಗೇ ಇತ್ತು, ದಡ ಎತ್ತರವಾಗಿತ್ತು.

ಲೆಕ್ಕ ಸರಳ. ಒಂದೂವರೆ ಟನ್ ಎಸಿ ಒಳಗಿನಿಂದ ಸುಮಾರು 5.3 ಕಿಲೋವಾಟ್ ಶಾಖ ತೆಗೆಯುತ್ತದೆ. ಅದಕ್ಕೆ ಬಳಸಿದ ಒಂದೂವರೆ ಕಿಲೋವಾಟ್ ವಿದ್ಯುತ್ತೂ ಕೊನೆಗೆ ಶಾಖವೇ. ಎರಡೂ ಸೇರಿ ಹೊರಗೆ ಬೀಳುವುದು ಆರೂಮುಕ್ಕಾಲರ ಹತ್ತಿರ. ಆರು ಯಂತ್ರವೆಂದರೆ ನಲವತ್ತು ಕಿಲೋವಾಟ್. ಇಪ್ಪತ್ತು ದೊಡ್ಡ ಗೀಸರುಗಳನ್ನು ಒಂದು ಕಿರುಗಂಡಿಯಲ್ಲಿ ನೇತುಹಾಕಿದಂತೆ.

ಬಿಸಿ ಯಾರ ಪಾಲಿಗೆ

ಬಲೆ ತೆಗೆಸಿ, ಸುರುಳಿ ತೊಳೆಸಿದ ಮೇಲೆ ಸ್ವಲ್ಪ ಸುಧಾರಿಸಿತು. ಪೂರ್ತಿ ಗುಣವಾಗಬೇಕಾದರೆ ಯೂನಿಟ್ಟನ್ನು ಡಕ್ಟಿನಿಂದ ಹೊರಗೆ ತರಬೇಕಿತ್ತು. ಸುಲಭದ ಜಾಗವೆಂದರೆ ಹಿಂದಿನ ಗೋಡೆ. ಅಲ್ಲಿಂದ ನಾಲ್ಕು ಅಡಿ ದೂರಕ್ಕೆ ಪಕ್ಕದ ಕಟ್ಟಡದ ಒಂದು ಕೋಣೆಯ ಮನೆಗಳ ಕಿಟಕಿಗಳಿವೆ. ಆ ಮನೆಗಳಲ್ಲಿ ಎಸಿ ಇಲ್ಲ, ರಾತ್ರಿಯಿಡೀ ಕಿಟಕಿ ತೆರೆದಿರುತ್ತದೆ. ನಮ್ಮ ಆರೂಮುಕ್ಕಾಲು ಕಿಲೋವಾಟ್ ನೇರ ಆ ಕಿಟಕಿಗೆ ಬೀಸುತ್ತಿತ್ತು. "ಎಲ್ಲರೂ ಹಾಗೇ ಹಾಕಿಸ್ತಾರೆ" ಎಂದರು ಮೆಕ್ಯಾನಿಕ್. ಅದು ಸುಳ್ಳಲ್ಲ.

ಹಿಂದೆಯೂ ತಂಪು ಪುಕ್ಕಟೆ ಬಂದದ್ದಿಲ್ಲ. ಬ್ರಿಟಿಷರ ಬಂಗಲೆಗಳಲ್ಲಿ ತಟ್ಟಿಗೆ ಗಂಟೆಗಟ್ಟಲೆ ನೀರು ಚಿಮುಕಿಸಲು ಒಬ್ಬ, ಚಾವಣಿಯ ಪಂಖಾದ ಹಗ್ಗ ಎಳೆಯಲು ಇನ್ನೊಬ್ಬ. ಎಳೆಯುವವನು ವರಾಂಡದ ಬಿಸಿಯಲ್ಲಿ ಕೂತು ಒಳಗಿನವರ ಬೆವರು ಆರಿಸುತ್ತಿದ್ದ. ನಿದ್ದೆ ತೂಗಿದರೆ ಒದೆ. ಹಾಗೆ ಒದೆ ತಿಂದು ಸತ್ತವರ ಪ್ರಕರಣಗಳು ವಸಾಹತು ಕಾಲದ ಕೋರ್ಟುಗಳಿಗೆ ಬಂದವು. ಸತ್ತವನ ಗುಲ್ಮ ಮೊದಲೇ ಊದಿಕೊಂಡಿತ್ತು, ಒದೆಗೆ ಒಡೆಯಿತು ಎಂಬ ವೈದ್ಯರ ಸಾಕ್ಷ್ಯದ ಮೇಲೆ ಒದ್ದವರು ಹಗುರ ಶಿಕ್ಷೆಯಲ್ಲಿ ಪಾರಾದದ್ದುಂಟು. ವಿದ್ಯುತ್ ಫ್ಯಾನ್ ಬಂದು ಆ ಹಗ್ಗ ಹೋಯಿತು, ಒಳ್ಳೆಯದೇ ಆಯಿತು. ಆದರೆ ಗೋಡೆಯ ಆಚೆ ಕೂತವರಿಗೆ ಬಿಸಿ ದಾಟಿಸುವ ಪದ್ಧತಿ ಮಾತ್ರ ಉಳಿದಿದೆ.

ಅಮ್ಮನ ತವರಿನ ಮಾಳಿಗೆ ಮನೆ ನೆನಪಾಯಿತು. ಎರಡಡಿ ದಪ್ಪದ ಗೋಡೆ, ಮಣ್ಣಿನ ಚಾವಣಿ, ಶಹಾಬಾದ್ ಕಲ್ಲಿನ ನೆಲ. ಅದು ಹಗಲಿನ ಬಿಸಿಯನ್ನು ಒಳಗೆ ಬಿಡಲು ರಾತ್ರಿಯವರೆಗೆ ತಡಮಾಡುತ್ತಿತ್ತು. ರಾತ್ರಿ ಎಲ್ಲರೂ ಅಂಗಳದಲ್ಲಿ ಮಲಗುತ್ತಿದ್ದರು. ಬಿಸಿ ಆಕಾಶಕ್ಕೆ ಹೋಗುತ್ತಿತ್ತು, ಯಾರ ಕಿಟಕಿಗೂ ಅಲ್ಲ. ನಮ್ಮ ಫ್ಲ್ಯಾಟಿನ ಐದಂಗುಲದ ಕಾಂಕ್ರೀಟ್ ಚಾವಣಿಯೂ ತಡಮಾಡುತ್ತದೆ, ಆದರೆ ನಾವು ಅದರಡಿಯಲ್ಲೇ ಮಲಗುತ್ತೇವೆ. ಸಂಜೆ ಏಳಕ್ಕೆ ಚಾವಣಿ ಮುಟ್ಟಿ ನೋಡಿದರೆ ಒಳಗಿನಿಂದಲೇ ಬೆಚ್ಚಗಿರುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ತಂದ ತಂಪು ಚಾವಣಿ ನೀತಿಯ ತಿರುಳೂ ಇಷ್ಟೇ: ಚಾವಣಿಗೆ ಬಿಳಿ ಬಳಿ, ಬಿಸಿಲು ಹಿಂತಿರುಗಿ ಹೋಗಲಿ. ಎತ್ತಬೇಕಾದ ಶಾಖ ಒಳಗೇ ಬಾರದಿದ್ದರೆ ಏತಕ್ಕೂ ಕೆಲಸ ಕಡಿಮೆ.

ಕೊನೆಗೆ ಮನೆ ಮಾಲೀಕರನ್ನು ಒಪ್ಪಿಸಿ ತಾರಸಿಗೆ ಬಿಳಿ ಬಳಿಸಿದೆವು, ಯೂನಿಟ್ಟನ್ನು ಅಲ್ಲಿಗೇ ಏರಿಸಿದೆವು. ನಾವಿರುವುದು ಮೇಲಿನ ಮಹಡಿಯಾದ್ದರಿಂದ ತಾಮ್ರದ ಕೊಳವೆ ಹೆಚ್ಚು ಬೇಕಾಗಲಿಲ್ಲ. ಮೇಲೆ ತಗಡಿನ ನೆರಳು, ನಾಲ್ಕೂ ಕಡೆ ಗಾಳಿ. ಗೋಡೆಗೆ ಹಾಕಿಸಿದ್ದರೆ ಆಗುತ್ತಿದ್ದದ್ದಕ್ಕಿಂತ ಮೂರು ಪಟ್ಟು ಖರ್ಚಾಯಿತು. ಮೊದಲ ರಾತ್ರಿ ಥರ್ಮಾಮೀಟರಿನ ಅಂತರ ಹತ್ತಕ್ಕೆ ಬಂತು. ಈಗ 27ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿದರೆ ಅಮ್ಮನಿಗೆ ಹೊದಿಕೆ ಬೇಕಾಗುತ್ತದೆ. ಒಂದೊಂದು ಡಿಗ್ರಿ ಏರಿಸಿದರೆ ಕರೆಂಟು ಸುಮಾರು ಶೇ 6 ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ. ಮಧ್ಯಾಹ್ನ ಒಣಬಿಸಿಲಿನಲ್ಲಿ ಎಸಿ ಮುಟ್ಟುವುದೇ ಇಲ್ಲ. ಕಿಟಕಿಯಲ್ಲಿಟ್ಟ ಕೂಲರ್ ಸಾಕು.

ಡಕ್ಟಿನಲ್ಲಿ ಇನ್ನೂ ಐದು ಯೂನಿಟ್ಟುಗಳಿವೆ. ನಮ್ಮದು ಹೊರಬಂದದ್ದರಿಂದ ಅವುಗಳ ಪಾಡು ತುಸು ಹಗುರಾಗಿರಬಹುದು. ಕೆಳಗಿನ ಮನೆಯವರು ಮೊನ್ನೆ ಲಿಫ್ಟಿನಲ್ಲಿ ಸಿಕ್ಕು, ತಮ್ಮ ಎಸಿಗೆ ಗ್ಯಾಸ್ ತುಂಬಿಸಬೇಕಂತೆ, ಯಾರಾದರೂ ಗೊತ್ತಾ ಎಂದು ಕೇಳಿದರು. ಮೊದಲು ಡಕ್ಟಿನ ಕಿಟಕಿ ತೆರೆದು ಯೂನಿಟ್ಟಿನ ಹಿಂದೆ ಕೈಯಿಟ್ಟು ನೋಡಿ ಎಂದೆ.